ಗೀಸರ್ ದುರಸ್ತಿ: ಗಡಸು ನೀರಿನ ಮನೆಯಿಂದ ಮೂರು ಬಗೆಯ ಸೇವೆಗಳ ವಿಮರ್ಶೆ

ನಮ್ಮ ಮನೆ ಇರುವುದು ಬೆಂಗಳೂರಿನ ಪೂರ್ವದ ಹೊರವಲಯದ ಒಂದು ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿಗೆ ಬರುವುದು ಬೋರ್‌ವೆಲ್ ನೀರು, ಅದು ಸಾಲದಾದಾಗ ಟ್ಯಾಂಕರ್ ನೀರು. ತಂದೆ ತಾಯಿ ಇರುವ ಜಯನಗರದ ಹಳೆಯ ಮನೆಗೆ ಮೊದಲಿನಿಂದಲೂ ಕಾವೇರಿ ನೀರು ಬರುತ್ತದೆ. ಎರಡೂ ಮನೆಗಳಿಗೆ ಒಂದೇ ಕಂಪನಿಯ, ಒಂದೇ ಮಾದರಿಯ 15 ಲೀಟರ್ ಗೀಸರ್‌ಗಳನ್ನು ಒಟ್ಟಿಗೇ ಕೊಂಡು ತಂದಿದ್ದೆವು. ಜಯನಗರದ ಗೀಸರಿನಲ್ಲಿ ನೀರು ಕಾಯಿಸುವ ಕಾಯಿಲ್ ಇಂದಿಗೂ ಕಾರ್ಖಾನೆಯಿಂದ ಬಂದದ್ದೇ ಇದೆ. ನಮ್ಮ ಮನೆಯದರಲ್ಲಿ ಕಾಯಿಲ್ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿದೆ, ಬಿಸಿ ಸಾಕಾದಾಗ ಆಫ್ ಮಾಡುವ ಥರ್ಮೋಸ್ಟಾಟ್ ಬದಲಾಗಿದೆ, ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ರಾಡ್ ಸವೆದು ಹೊಸದು ಬಂದಿದೆ. ಈ ನಡುವೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್, ಮೊಬೈಲ್ ಆ್ಯಪ್ ಮೂಲಕ ಬರುವ ಮೆಕ್ಯಾನಿಕ್, ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿರುವ ಎಲೆಕ್ಟ್ರಿಕಲ್ ಅಂಗಡಿ, ಈ ಮೂವರ ಕೆಲಸವನ್ನೂ ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಯಾರು ಎಷ್ಟು ಹಣ ತೆಗೆದುಕೊಂಡರು ಎಂಬುದರ ಜೊತೆಗೆ ಯಾರು ನಿಜವಾದ ದೋಷವನ್ನು ಕಂಡುಹಿಡಿದರು ಎಂಬುದನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ. ಎರಡನೆಯದು ಸರಿಯಾಗಿದ್ದರೆ ಮಾತ್ರ ಮೊದಲನೆಯದಕ್ಕೆ ಅರ್ಥವಿರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದುರಸ್ತಿಯ ಲೆಕ್ಕಕ್ಕೆ ಹೋಗುವ ಮೊದಲು ನೀರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಗೀಸರ್ ದೂರುಗಳಲ್ಲಿ ಬಹುಪಾಲಿನ ಮೂಲ ಅಲ್ಲಿದೆ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಡುತ್ತದೆ. ಸಕ್ಕರೆಯೋ ಉಪ್ಪೋ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ, ಆದರೆ ಇದು ನೀರು ಬಿಸಿಯಾದಷ್ಟೂ ಕಡಿಮೆ ಕರಗುವ ವಸ್ತು. ಹೀಗಾಗಿ ಗೀಸರಿನೊಳಗೆ ಅತಿ ಹೆಚ್ಚು ಬಿಸಿಯಾಗುವ ಜಾಗವಾದ ಕಾಯಿಲ್ ಮೇಲೆಯೇ ಸುಣ್ಣದ ಪದರ ಮೊದಲು ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಣೀಯ ಮಿತಿಯೆಂದೂ, ಬೇರೆ ಮೂಲವಿಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಈ ಎರಡು ಅಂಕಿಗಳ ನಡುವೆ ಇರುವ ನೀರು ಕುಡಿಯುವುದಕ್ಕೆ ಮಾನಕದೊಳಗೇ ಇದ್ದರೂ ಗೀಸರಿಗೆ ಕಷ್ಟದ ನೀರೇ ಸರಿ. ಅಪಾರ್ಟ್‌ಮೆಂಟಿನ ಸಂಘದವರು ನೀರಿನ ಪರೀಕ್ಷಾ ವರದಿಯನ್ನು ಇಟ್ಟುಕೊಂಡಿರುತ್ತಾರೆ. ಗೀಸರ್ ಕೊಳ್ಳುವ ಮುನ್ನ ಅದರಲ್ಲಿನ ಗಡಸುತನದ ಅಂಕಿಯನ್ನು ನೋಡುವುದು ಅಂಗಡಿಯಲ್ಲಿ ವಿದ್ಯುತ್ ಉಳಿತಾಯದ ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಹೆಚ್ಚು ಉಪಯುಕ್ತ.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ವಿಪರೀತ ಏರುತ್ತದೆ ಎಂದು ಹೆದರಿಸಿ ಸರ್ವಿಸ್ ಪ್ಯಾಕೇಜ್ ಮಾರುವವರಿದ್ದಾರೆ. ನೀರಿನಲ್ಲಿ ಮುಳುಗಿರುವ ಕಾಯಿಲ್ ವಿಷಯದಲ್ಲಿ ಈ ಮಾತು ಪೂರ್ತಿ ನಿಜವಲ್ಲ, ಏಕೆಂದರೆ ಕಾಯಿಲ್ ಬಿಡುಗಡೆ ಮಾಡುವ ಶಾಖ ಕೊನೆಗೆ ನೀರಿಗೇ ಸೇರುತ್ತದೆ. ನಿಜವಾದ ಹಾನಿ ಬೇರೆಯದು. ಪದರ ದಪ್ಪವಾದಂತೆ ಶಾಖ ಹೊರಹೋಗಲು ತಡವಾಗಿ ಕಾಯಿಲಿನ ಲೋಹದ ಕವಚವೇ ಮಿತಿ ಮೀರಿ ಕಾಯುತ್ತದೆ, ಒಂದು ದಿನ ಸೀಳುತ್ತದೆ, ಅದರೊಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿಗೆ ತೇವ ಸೇರುತ್ತದೆ, ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ, ಮುಖ್ಯ ಫಲಕದಲ್ಲಿರುವ ಇಎಲ್‌ಸಿಬಿ ಬೀಳಲಾರಂಭಿಸುತ್ತದೆ. ಥರ್ಮೋಸ್ಟಾಟ್ ಕುಳಿತಿರುವ ಕೊಳವೆಯ ಸುತ್ತಲೂ ಸುಣ್ಣ ಸೇರಿಕೊಂಡರೆ ಕಾಯಿಲಿನ ಸುತ್ತಲಿನ ಬಿಸಿಯನ್ನೇ ಇಡೀ ಟ್ಯಾಂಕಿನ ಬಿಸಿಯೆಂದು ಅದು ತಿಳಿದು ಬೇಗನೆ ಆಫ್ ಮಾಡುತ್ತದೆ, ಬಕೆಟ್ಟಿಗೆ ಬರುವ ನೀರು ಮಾತ್ರ ಉಗುರುಬೆಚ್ಚಗಿರುತ್ತದೆ. ಗೀಸರ್ ಆನ್ ಮಾಡಿದ ಕೆಲವು ನಿಮಿಷಗಳಲ್ಲಿ ಒಳಗಿನಿಂದ ಚಟಪಟ ಸದ್ದು ಬರುತ್ತಿದ್ದರೆ ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಆವಿಯಾಗುತ್ತಿದೆ ಎಂದು ತಿಳಿಯಬೇಕು. ಆ ಸದ್ದು ಕೇಳಿದಾಗಲೇ ಟ್ಯಾಂಕ್ ತೊಳೆಸಿದವರಿಗೆ ಕಾಯಿಲ್ ಉಳಿಯುವ ಸಾಧ್ಯತೆ ಹೆಚ್ಚು.

ಗೀಸರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಯಾರನ್ನೂ ಕರೆಸದೆ ತಿಳಿಯಲು ಒಂದು ಸರಳ ಲೆಕ್ಕವಿದೆ. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.66 ಯೂನಿಟ್ ವಿದ್ಯುತ್ ಬೇಕು, 2000 ವಾಟ್ ಕಾಯಿಲ್ ಅದನ್ನು ಸುಮಾರು 20 ನಿಮಿಷದಲ್ಲಿ ಮುಗಿಸಬೇಕು. 25 ಲೀಟರಿನದಾದರೆ 33 ನಿಮಿಷದ ಆಸುಪಾಸು. ವೋಲ್ಟೇಜ್ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಸ್ವಲ್ಪ ಹೆಚ್ಚು ಸಮಯ ಹಿಡಿದರೆ ಅದು ದೋಷವಲ್ಲ. ಆದರೆ ಐದೇ ನಿಮಿಷದಲ್ಲಿ ದೀಪ ಆರಿಹೋಗಿ ನೀರು ತಣ್ಣಗಿದ್ದರೆ, ಅಥವಾ ಮುಕ್ಕಾಲು ಗಂಟೆಯಾದರೂ ದೀಪ ಉರಿಯುತ್ತಲೇ ಇದ್ದರೆ, ಒಳಗೆ ಏನೋ ಕೆಟ್ಟಿದೆ.

ಈಗ ಸೇವೆಗಳ ವಿಷಯ. ಕಂಪನಿಯ ಸರ್ವಿಸ್ ಸೆಂಟರಿನ ದೊಡ್ಡ ಗುಣವೆಂದರೆ ಅಸಲಿ ಬಿಡಿಭಾಗ ಮತ್ತು ಅದಕ್ಕೆ ಸಿಗುವ ಬಿಲ್ಲು. ವಾರಂಟಿ ಅವಧಿಯಲ್ಲಿ ಬೇರೆ ಯಾರಿಂದಲೂ ಗೀಸರ್ ಬಿಚ್ಚಿಸಬಾರದು, ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ. ಟ್ಯಾಂಕಿಗೆ ಒಂದು ಅವಧಿ, ಕಾಯಿಲಿಗೆ ಒಂದು, ಉಳಿದ ಭಾಗಗಳಿಗೆ ಇನ್ನೊಂದು ಎಂದು ವಾರಂಟಿ ಕಾರ್ಡಿನಲ್ಲಿ ಬೇರೆ ಬೇರೆಯಾಗಿ ಬರೆದಿರುತ್ತದೆ. ಗಡಸು ನೀರಿನಿಂದಾದ ಹಾನಿಯನ್ನು ಹೊರಗಿಟ್ಟಿದ್ದಾರೆಯೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಹುಡುಕಿ ಓದಬೇಕಾಗುತ್ತದೆ. ವಾರಂಟಿ ಮುಗಿದ ಮೇಲೆ ನಮ್ಮಲ್ಲಿಗೆ ಬಂದ ಅವರ ಮೆಕ್ಯಾನಿಕ್ ವಿಸಿಟಿಂಗ್ ಚಾರ್ಜ್ ಎಂದು 500 ರೂಪಾಯಿಯ ಸಮೀಪದ ಮೊತ್ತವನ್ನೂ ಅದರ ಮೇಲೆ ಶೇಕಡಾ 18 ಜಿಎಸ್‌ಟಿಯನ್ನೂ ಪಡೆದರು. ಇದರ ಬಗ್ಗೆ ನನ್ನ ತಕರಾರಿಲ್ಲ, ಮನೆಯವರೆಗೆ ಬಂದವರ ಸಮಯಕ್ಕೆ ಬೆಲೆಯಿದೆ. ತಕರಾರು ಇರುವುದು ಅವರ ರೋಗನಿರ್ಣಯದ ಬಗ್ಗೆ. ಗೀಸರಿನ ತಳದಿಂದ ನೀರು ಸೋರುತ್ತಿದೆ ಎಂದು ಕರೆಸಿದಾಗ ಅವರು ಕೆಳಗಿನ ಪ್ಲಾಸ್ಟಿಕ್ ಮುಚ್ಚಳವನ್ನೂ ತೆಗೆಯದೆ, ಟ್ಯಾಂಕ್ ಹೋಗಿದೆ, ಎಕ್ಸ್‌ಚೇಂಜ್‌ನಲ್ಲಿ ಹೊಸದು ತೆಗೆದುಕೊಳ್ಳಿ ಎಂದು ಹೇಳಿ ಒಂದು ಹೊಸ ಮಾದರಿಯ ಬೆಲೆಯನ್ನು ಮೊಬೈಲಿನಲ್ಲಿ ತೋರಿಸಿದರು. ಹಳೆಯದನ್ನು ಹೊರಗೆ ಹಾಕಿಸುವುದರಲ್ಲಿ ಅವರಿಗೆ ಲಾಭವಿದ್ದಿರಬಹುದು, ಇಲ್ಲದಿರಬಹುದು. ಮುಚ್ಚಳ ತೆಗೆಯದೆ ತೀರ್ಪು ಕೊಟ್ಟದ್ದು ಮಾತ್ರ ಕೆಲಸದ ಮರ್ಯಾದೆಗೆ ತಕ್ಕದ್ದಲ್ಲ.

ಆ್ಯಪ್ ಮೂಲಕ ಕರೆಸುವ ಸೇವೆಯಲ್ಲಿ ದರಪಟ್ಟಿ ಮೊದಲೇ ಕಣ್ಣ ಮುಂದಿರುತ್ತದೆ, ಬರುವ ಹೊತ್ತು ನಿಗದಿಯಾಗಿರುತ್ತದೆ, ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದಾಗ ಇದು ದೊಡ್ಡ ಅನುಕೂಲ. ಟ್ಯಾಂಕ್ ಬಿಚ್ಚಿ ಸುಣ್ಣ ತೆಗೆದು ತೊಳೆಯುವಂಥ ನಿರ್ದಿಷ್ಟ ಕೆಲಸಕ್ಕೆ ನಾನು ಅವರನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ತೊಂದರೆ ಏನೆಂದು ಹುಡುಕಬೇಕಾದ ಸಂದರ್ಭದಲ್ಲಿ ಅವರ ವ್ಯವಸ್ಥೆ ಅಷ್ಟು ನೆರವಾಗುವುದಿಲ್ಲ. ಪ್ರತಿ ಸಲ ಬೇರೆ ವ್ಯಕ್ತಿ ಬರುತ್ತಾರೆ, ಹಿಂದಿನವರು ಏನು ಮಾಡಿದ್ದರು ಎಂಬುದು ಅವರಿಗೆ ಗೊತ್ತಿರುವುದಿಲ್ಲ, ನಿಗದಿತ ಸಮಯದೊಳಗೆ ಮುಂದಿನ ಮನೆ ತಲುಪುವ ಒತ್ತಡ ಅವರ ಮೇಲಿರುತ್ತದೆ. ನೀರು ಬಿಸಿಯಾಗುತ್ತಿಲ್ಲ ಎಂದಾಗ ಥರ್ಮೋಸ್ಟಾಟ್ ಬದಲಿಸಿ ಹೋದರು, ತೊಂದರೆ ಹಾಗೆಯೇ ಉಳಿಯಿತು. ದೋಷವಿದ್ದದ್ದು ಗೀಸರಿನಲ್ಲಲ್ಲ, ಬಿಸಿನೀರು ತಣ್ಣೀರು ಬೆರೆಸಿ ಬಿಡುವ ಬಚ್ಚಲಿನ ಮಿಕ್ಸರ್ ನಲ್ಲಿಯಲ್ಲಿ. ಅದರೊಳಗೆ ಎರಡೂ ನೀರನ್ನು ನಿಯಂತ್ರಿಸುವ ಭಾಗವಾದ ಕಾರ್ಟ್ರಿಜ್ ಸವೆದು ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿತ್ತು. ಗೀಸರಿನ ತಣ್ಣೀರಿನ ಆಂಗಲ್ ವಾಲ್ವ್ ಮುಚ್ಚಿ ಬಿಸಿನೀರಿನ ನಲ್ಲಿ ತೆರೆದು ನೋಡಿದ್ದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು, ಏಕೆಂದರೆ ವಾಲ್ವ್ ಮುಚ್ಚಿದ ಮೇಲೂ ಧಾರೆಯಾಗಿ ನೀರು ಬರುತ್ತಿದ್ದರೆ ಅದು ಬೇರೆ ದಾರಿಯಿಂದ ಬರುತ್ತಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ಮಾಡಿದ ನಂತರವೇ ಯಾರನ್ನಾದರೂ ಕರೆಸುವುದು ಒಳ್ಳೆಯದು.

ಇನ್ನು ಮುಖ್ಯರಸ್ತೆಯ ಎಲೆಕ್ಟ್ರಿಕಲ್ ಅಂಗಡಿ. ಹೊರಗಿನಿಂದ ನೋಡಿದರೆ ಸ್ವಿಚ್ಚು, ವೈರು, ಎಲ್‌ಇಡಿ ಬಲ್ಬು ಮಾರುವ ಸಾಮಾನ್ಯ ಅಂಗಡಿ. ಒಳಗಿನ ಮೂಲೆಯಲ್ಲಿ ಗೀಸರ್ ಮತ್ತು ಮಿಕ್ಸಿ ದುರಸ್ತಿಯ ಮೇಜು ಇದೆ. ಬಿಡಿಭಾಗಗಳನ್ನು ಅವರು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಗಟು ಅಂಗಡಿಗಳಿಂದ ತರುತ್ತಾರೆ, ಅಸಲಿಯೋ ಮಾರುಕಟ್ಟೆಯ ಸಾಮಾನ್ಯ ಮಾಲೋ ಎಂಬುದನ್ನು ಮುಚ್ಚಿಡದೆ ಎರಡರ ಬೆಲೆಯನ್ನೂ ಹೇಳುತ್ತಾರೆ. ಟ್ಯಾಂಕ್ ಹೋಗಿದೆ ಎಂದು ತೀರ್ಪು ಪಡೆದಿದ್ದ ಗೀಸರನ್ನು ನೋಡಲು ಬಂದ ಮೆಕ್ಯಾನಿಕ್ ಮೊದಲು ಗೀಸರಿನ ಕರೆಂಟ್ ಕಡಿಯುವ ಸ್ವಿಚ್ಚಾದ ಎಂಸಿಬಿ ಇಳಿಸಿದರು, ಟೆಸ್ಟರ್ ಇಟ್ಟು ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡರು, ಮುಚ್ಚಳ ಬಿಚ್ಚಿ ಒಣಬಟ್ಟೆಯಿಂದ ಎಲ್ಲವನ್ನೂ ಒರೆಸಿ ಟಾರ್ಚ್ ಹಿಡಿದು ಕಾದರು. ನೀರಿನ ಹನಿ ಕಾಣಿಸಿಕೊಂಡದ್ದು ಕಾಯಿಲ್ ಕೂರಿಸಿದ ತಟ್ಟೆಯ ಅಂಚಿನಲ್ಲಿ. “ಸರ್, ಟ್ಯಾಂಕ್‌ಗೆ ಏನೂ ಆಗಿಲ್ಲ, ಗ್ಯಾಸ್ಕೆಟ್ ಗಟ್ಟಿಯಾಗಿದೆ ಅಷ್ಟೇ” ಎಂದು ಹೇಳಿ ಬೆರಳಿನಿಂದ ಆ ರಬ್ಬರನ್ನು ಒತ್ತಿ ತೋರಿಸಿದರು. ಅದು ಬಿರುಕು ಬಿಟ್ಟು ಕಲ್ಲಿನಂತಾಗಿತ್ತು. ಹೊಸ ಗೀಸರಿಗೆ ಹೋಗಬೇಕಿದ್ದ ಏಳೆಂಟು ಸಾವಿರ ರೂಪಾಯಿಯ ಜಾಗದಲ್ಲಿ ಗ್ಯಾಸ್ಕೆಟ್, ಕೂಲಿ ಮತ್ತು ಟ್ಯಾಂಕ್ ತೊಳೆದದ್ದು ಸೇರಿ ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತು. ಆ ಗೀಸರ್ ಇಂದಿಗೂ ನಡೆಯುತ್ತಿದೆ.

ಅವರ ಕೆಲಸದ ಕ್ರಮದಲ್ಲಿ ನಾನು ಗಮನಿಸಿದ ಕೆಲವು ಸಂಗತಿಗಳನ್ನು ಬರೆಯಲೇಬೇಕು, ಏಕೆಂದರೆ ಯಾವ ಊರಿನಲ್ಲಿದ್ದರೂ ಒಳ್ಳೆಯ ಮೆಕ್ಯಾನಿಕನ್ನು ಇವುಗಳಿಂದ ಗುರುತಿಸಬಹುದು. ಕಾಯಿಲ್ ಸುಟ್ಟಿದೆಯೇ ಎಂಬುದನ್ನು ಅವರು ಊಹೆಯಿಂದ ಹೇಳುವುದಿಲ್ಲ, ಮಲ್ಟಿಮೀಟರ್ ಇಟ್ಟು ಅಳೆಯುತ್ತಾರೆ. 230 ವೋಲ್ಟಿನ 2000 ವಾಟ್ ಕಾಯಿಲಿನ ಎರಡು ತುದಿಗಳ ನಡುವೆ ಸುಮಾರು 26 ಓಮ್ ತೋರಿಸಬೇಕು, 3000 ವಾಟಿನದಾದರೆ 17 ರಿಂದ 18 ಓಮ್. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ತುದಿ ಮತ್ತು ಹೊರ ಕವಚದ ನಡುವೆ ಸಂಪರ್ಕ ತೋರಿಸಿದರೆ ಕವಚ ಸೀಳಿದೆ, ಅಂಥ ಕಾಯಿಲನ್ನು ಇನ್ನೊಂದು ದಿನವೂ ಬಳಸಬಾರದು. ಸುಣ್ಣ ತೆಗೆಯಲು ಅವರು ಬಚ್ಚಲು ತೊಳೆಯುವ ಆಸಿಡ್ ಬಳಸದೆ ಬೆಚ್ಚಗಿನ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಮ್ಲವನ್ನು ಬಳಸುತ್ತಾರೆ. ಆಸಿಡ್ ಕ್ಷಣದಲ್ಲಿ ಕಾಯಿಲನ್ನು ಫಳಫಳಿಸುವಂತೆ ಮಾಡುತ್ತದೆ, ಆದರೆ ಲೋಹವನ್ನೂ ತಿನ್ನುತ್ತದೆ, ಟ್ಯಾಂಕಿನ ಒಳಗಿನ ಗಾಜುಲೇಪದ ಸಣ್ಣ ಬಿರುಕುಗಳಿಗೆ ಇಳಿದು ಉಕ್ಕನ್ನು ಮುಟ್ಟುತ್ತದೆ. ಬೇಗ ಮುಗಿಸುತ್ತೇನೆಂದು ಆಸಿಡ್ ಬಾಟಲಿ ತೆಗೆಯುವವರನ್ನು ಅಲ್ಲಿಯೇ ತಡೆಯಬೇಕು. ಕೆಲಸ ಮುಗಿದ ಮೇಲೆ ಟ್ಯಾಂಕಿಗೆ ನೀರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದ ಧಾರೆ ಬಂದ ಮೇಲಷ್ಟೇ ಅವರು ಸ್ವಿಚ್ ಹಾಕುತ್ತಾರೆ. ಖಾಲಿ ಟ್ಯಾಂಕಿನಲ್ಲಿ ಆನ್ ಮಾಡಿದರೆ ಹೊಸ ಕಾಯಿಲ್ ಕೂಡ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ತೆಗೆದ ಹಳೆಯ ಭಾಗಗಳನ್ನು ಕೇಳದೆಯೇ ನಮ್ಮ ಕೈಗೆ ಕೊಟ್ಟು ಹೋಗುತ್ತಾರೆ.

ಆನೋಡ್ ರಾಡ್ ಬಗ್ಗೆ ನನಗೆ ಮೊದಲು ವಿವರಿಸಿ ಹೇಳಿದವರೂ ಇವರೇ. ಟ್ಯಾಂಕಿನೊಳಗೆ ನೇತಾಡುವ ಈ ಮೆಗ್ನೀಷಿಯಂ ಕೋಲು ತಾನು ಕರಗುತ್ತಾ ಉಕ್ಕಿನ ಟ್ಯಾಂಕನ್ನು ತುಕ್ಕಿನಿಂದ ಕಾಯುತ್ತದೆ. ಅದು ಪೂರ್ತಿ ಕರಗಿ ನಡುವಿನ ಕಂಬಿ ಮಾತ್ರ ಉಳಿದ ಮೇಲೆ ತುಕ್ಕಿಗೆ ಸಿಗುವುದು ಟ್ಯಾಂಕೇ. ಕೆಂಪು ಬಣ್ಣದ ಬಿಸಿನೀರು ಬರಲಾರಂಭಿಸಿದಾಗ ಎಷ್ಟೋ ಸಲ ತಡವಾಗಿರುತ್ತದೆ. ಆದ್ದರಿಂದ ನಮ್ಮಂಥ ನೀರಿನ ಪ್ರದೇಶದಲ್ಲಿ ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಸುವಾಗ ಆ ಕೋಲನ್ನು ಹೊರಗೆ ತೆಗೆಸಿ ಕಣ್ಣಾರೆ ನೋಡಬೇಕು. ಮುನ್ನೂರರಿಂದ ಐನೂರು ರೂಪಾಯಿಯ ಈ ಭಾಗ ಏಳೆಂಟು ಸಾವಿರದ ಗೀಸರಿನ ಆಯುಸ್ಸನ್ನು ನಿರ್ಧರಿಸುತ್ತದೆ. ಅಷ್ಟಾದರೂ ಗೀಸರ್ ಮಾರುವಾಗ ಅಂಗಡಿಯವರು ಇದರ ಹೆಸರನ್ನೇ ಎತ್ತುವುದಿಲ್ಲ. ಇದು ನನಗೆ ಬೇಸರದ ವಿಷಯ. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬರುವ ದೂರಿಗೂ ಈ ಕೋಲಿಗೂ ಸಂಬಂಧವಿದೆ. ನೀರಿನಲ್ಲಿ ಸಲ್ಫೇಟ್ ಮತ್ತು ಅದನ್ನು ಬಳಸುವ ಬ್ಯಾಕ್ಟೀರಿಯಾ ಇದ್ದರೆ ಮೆಗ್ನೀಷಿಯಂ ಇರುವ ಕಡೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ವಾಸನೆ ಬಂತೆಂದು ಕೋಲನ್ನೇ ಕಿತ್ತು ಹಾಕಿಸಬಾರದು, ಟ್ಯಾಂಕ್ ತೊಳೆಸಿ, ಗರಿಷ್ಠ ತಾಪದಲ್ಲಿ ಒಮ್ಮೆ ಕಾಯಿಸಿ ಆ ನೀರನ್ನು ಹೊರಗೆ ಬಿಡಬೇಕು.

ನಮ್ಮ ಭಾಗದಲ್ಲಿ ನಾನು ಕಂಡ ದರಗಳು ಸ್ಥೂಲವಾಗಿ ಹೀಗಿವೆ. ಅಂಗಡಿಯ ಮೆಕ್ಯಾನಿಕ್ ಬಂದು ನೋಡಲು 200 ರಿಂದ 300 ರೂಪಾಯಿ, ದುರಸ್ತಿ ಮಾಡಿಸಿದರೆ ಅದು ಕೂಲಿಯಲ್ಲೇ ಸೇರಿಹೋಗುತ್ತದೆ. ಟ್ಯಾಂಕ್ ಬಿಚ್ಚಿ ಸುಣ್ಣ ತೆಗೆಯಲು 500 ರಿಂದ 800. ಥರ್ಮೋಸ್ಟಾಟ್ 300 ರಿಂದ 600. ಕಾಯಿಲ್ ಮಾರುಕಟ್ಟೆಯ ಮಾಲಾದರೆ 400 ರಿಂದ 700, ಕಂಪನಿಯದಾದರೆ 700 ರಿಂದ 1200. ಕಾಯಿಲ್, ಗ್ಯಾಸ್ಕೆಟ್, ಆನೋಡ್ ಮೂರನ್ನೂ ಬದಲಿಸಿ ತೊಳೆಸಿದರೂ ಒಟ್ಟು ಎರಡೂವರೆ ಸಾವಿರ ದಾಟುವುದು ಅಪರೂಪ. ಕಾಯಿಲ್ ಬದಲಿಸುವಾಗ ಟ್ಯಾಂಕ್ ಹೇಗೂ ತೆರೆದಿರುವುದರಿಂದ ಗ್ಯಾಸ್ಕೆಟ್ ಮತ್ತು ಆನೋಡ್‌ಗಳನ್ನು ಆಗಲೇ ಬದಲಿಸಿಕೊಂಡರೆ ಎರಡನೆಯ ಕೂಲಿ ಉಳಿಯುತ್ತದೆ. ಟ್ಯಾಂಕೇ ತೂತಾಗಿ ಸೋರುತ್ತಿದ್ದರೆ, ವಾರಂಟಿಯೂ ಮುಗಿದಿದ್ದರೆ, ದುರಸ್ತಿಯ ಮಾತು ಬಿಡಬೇಕು. ಗಾಜುಲೇಪದ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿಕೊಡುತ್ತೇನೆ ಎನ್ನುವವರಿದ್ದಾರೆ, ಆ ಶಾಖಕ್ಕೆ ಸುತ್ತಲಿನ ಲೇಪ ಒಡೆದು ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ.

ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತದೆ ಎಂಬ ದೂರಿನ ಮೇಲೆ ಅನಗತ್ಯವಾಗಿ ಹಣ ಕಳೆದುಕೊಂಡವರನ್ನು ನಮ್ಮ ಅಪಾರ್ಟ್‌ಮೆಂಟಿನಲ್ಲೇ ನೋಡಿದ್ದೇನೆ. 20 ಡಿಗ್ರಿಯಿಂದ 60 ಡಿಗ್ರಿಗೆ ಕಾದ ನೀರು ಸುಮಾರು ಶೇಕಡಾ ಒಂದೂವರೆಯಷ್ಟು ಹಿಗ್ಗುತ್ತದೆ. 15 ಲೀಟರಿನ ಟ್ಯಾಂಕಿನಲ್ಲಿ ಇದು ಒಂದು ಲೋಟ ನೀರಿನಷ್ಟಾಗುತ್ತದೆ. ಹಿಂದಕ್ಕೆ ಹೋಗಲು ವಾಲ್ವ್ ಬಿಡದಿರುವುದರಿಂದ ಆ ಒಂದು ಲೋಟ ಹೊರಗೆ ಬೀಳಲೇಬೇಕು, ಬೀಳುವುದು ಒಳ್ಳೆಯ ಲಕ್ಷಣ. ಗೀಸರ್ ಆಫ್ ಇರುವಾಗಲೂ ಸದಾ ತೊಟ್ಟಿಕ್ಕುತ್ತಿದ್ದರೆ ಮಾತ್ರ ವಾಲ್ವ್‌ನಲ್ಲಿ ಸುಣ್ಣ ಕೂತಿದೆ ಅಥವಾ ನೀರಿನ ಒತ್ತಡ ಹೆಚ್ಚಾಗಿದೆ. ಮೇಲಿನ ತೊಟ್ಟಿಯಿಂದ ಪ್ರತಿ ಹತ್ತು ಮೀಟರ್ ಕೆಳಗಿಳಿದಂತೆ ಒಂದು ಬಾರ್ ಒತ್ತಡ ಸೇರುವುದರಿಂದ, ಇಪ್ಪತ್ತು ಮಹಡಿಯ ಕಟ್ಟಡದ ಕೆಳಗಿನ ಮನೆಗಳಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಇಲ್ಲದಿದ್ದರೆ ಅದು ಆರು ಬಾರ್ ತಲುಪಬಹುದು. ಅಂಥ ಮನೆಗಳಿಗೆ 8 ಬಾರ್ ತಾಳುವ ಗೀಸರನ್ನೇ ಕೊಳ್ಳಬೇಕು. ತೊಟ್ಟಿಕ್ಕುವ ಬಾಯಿಗೆ ಬಿರಡೆ ಹಾಕುವ ಪ್ಲಂಬರನ್ನು ಮತ್ತೆ ಮನೆಗೆ ಸೇರಿಸಬಾರದು.

ಇಷ್ಟೇ ಕಟ್ಟುನಿಟ್ಟಾಗಿ ತಡೆಯಬೇಕಾದ ಇನ್ನೊಂದು ಪದ್ಧತಿ ‘ಡೈರೆಕ್ಟ್’ ಮಾಡುವುದು. ಥರ್ಮಲ್ ಕಟ್‌ಔಟ್ ಪದೇ ಪದೇ ಬೀಳುತ್ತಿದ್ದರೆ ಅದರ ಎರಡು ತಂತಿಗಳನ್ನು ಒಂದಕ್ಕೊಂದು ಜೋಡಿಸಿ ಗೀಸರ್ ನಡೆಸಿ ತೋರಿಸಿ ಹಣ ಪಡೆದು ಹೋಗುವವರಿದ್ದಾರೆ. ಥರ್ಮೋಸ್ಟಾಟ್ ಅಂಟಿಕೊಂಡು ಕೆಟ್ಟ ದಿನ ನೀರು ಕುದಿಯುವುದನ್ನು ನಿಲ್ಲಿಸುವ ಕೊನೆಯ ತಡೆ ಅದು. ಇಎಲ್‌ಸಿಬಿ ಬೀಳುತ್ತದೆಂದು ಅರ್ಥ್ ತಂತಿಯನ್ನೇ ಕಿತ್ತಿಡುವುದೂ ಅಷ್ಟೇ ಅಪಾಯಕಾರಿ, ಒದ್ದೆ ಮೈಯಲ್ಲಿ ನಲ್ಲಿ ಮುಟ್ಟುವವರ ಜೀವದ ಪ್ರಶ್ನೆ ಅದು. 2000 ವಾಟಿನ ಗೀಸರ್ ಸುಮಾರು 8.7 ಆಂಪಿಯರ್, ಅಡುಗೆಮನೆಯ 3000 ವಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪಿಯರ್ ಎಳೆಯುವುದರಿಂದ ಎರಡಕ್ಕೂ 16 ಆಂಪಿಯರಿನ ಸಾಕೆಟ್ಟೇ ಬೇಕು. ಪ್ಲಗ್ಗಿನ ಪಿನ್ನುಗಳು ಕಪ್ಪಾಗಿದ್ದರೆ ಸಾಕೆಟ್ ಸಡಿಲವಾಗಿದೆ ಎಂದು ಅರ್ಥ. ನಮ್ಮ ಅಂಗಡಿಯವರು ಗೀಸರ್ ಮುಟ್ಟುವ ಮೊದಲೇ ಇದನ್ನು ನೋಡುತ್ತಾರೆ.

ಈ ಅಂಗಡಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಚಳಿಗಾಲ ಶುರುವಾದ ಮೇಲೆ ಕರೆದರೆ ಎರಡು ಮೂರು ದಿನ ಕಾಯಬೇಕಾಗುತ್ತದೆ, ಕೇಳಿ ಪಡೆಯದಿದ್ದರೆ ಬಿಲ್ಲು ಬರುವುದಿಲ್ಲ, ಬದಲಿಸಿದ ಭಾಗಕ್ಕೆ ಬಾಯಿಮಾತಿನ ಭರವಸೆ ಬಿಟ್ಟು ಲಿಖಿತ ಗ್ಯಾರಂಟಿ ಇಲ್ಲ. ಮಳೆಗಾಲ ಮುಗಿಯುವ ಮೊದಲೇ ತೊಳೆಸಿಕೊಳ್ಳುವುದರಿಂದ ಮೊದಲನೆಯ ತೊಂದರೆ ತಪ್ಪುತ್ತದೆ. ಉಳಿದೆರಡನ್ನು ಅವರು ಸರಿಪಡಿಸಿಕೊಳ್ಳಬೇಕೆಂದು ನೇರವಾಗಿಯೇ ಹೇಳಿದ್ದೇನೆ. ವಾರಂಟಿಯೊಳಗಿನ ಗೀಸರಿಗೆ ಕಂಪನಿ, ವಾರ್ಷಿಕ ತೊಳೆಯುವಿಕೆಗೆ ಆ್ಯಪ್ ಅಥವಾ ಅಂಗಡಿ, ವಾರಂಟಿ ಮುಗಿದ ಗೀಸರಿನ ದೋಷ ಹುಡುಕಲು ಅಂಗಡಿಯೇ ಎಂಬುದು ನನ್ನ ಆಯ್ಕೆ.

ಗ್ಯಾಸ್ ಗೀಸರ್ ವಿಷಯದಲ್ಲಿ ಆ ಅಂಗಡಿಯವರು ಒಂದು ನಿಯಮ ಇಟ್ಟುಕೊಂಡಿದ್ದಾರೆ. ಬಚ್ಚಲುಮನೆಯ ಒಳಗೆ ಕೂರಿಸಿದ ಗ್ಯಾಸ್ ಗೀಸರನ್ನು ಅವರು ಎಷ್ಟು ಹಣ ಕೊಟ್ಟರೂ ಅದೇ ಜಾಗದಲ್ಲಿಟ್ಟು ದುರಸ್ತಿ ಮಾಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಅದರಿಂದಲೇ ಸತ್ತ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗೀಸರನ್ನು ಯುಟಿಲಿಟಿ ಬಾಲ್ಕನಿಯಂಥ ಗಾಳಿಯಾಡುವ ಜಾಗಕ್ಕೆ ಸರಿಸಿ, ಬಿಸಿನೀರಿನ ಪೈಪನ್ನು ಬಚ್ಚಲಿಗೆ ಎಳೆಯಲು ಮನೆಯವರು ಒಪ್ಪಿದರೆ ಮಾತ್ರ ಅವರು ಬರ್ನರ್ ಶುಚಿ ಮಾಡಿ ಜೋಡಿಸಿಕೊಡುತ್ತಾರೆ. ಪೈಪಿನ ಖರ್ಚು ದುರಸ್ತಿಯ ಖರ್ಚಿಗಿಂತ ಹೆಚ್ಚಾಗುವುದರಿಂದ ಕೆಲವು ಗಿರಾಕಿಗಳು ಮುನಿಸಿಕೊಂಡು ಬೇರೆ ಅಂಗಡಿಗೆ ಹೋಗುವುದುಂಟು. ಹೋಗಲಿ ಎಂದೇ ಅಂಗಡಿಯವರು ಬಿಡುತ್ತಾರೆ. ನನ್ನ ಮನೆಯ ಕೆಲಸಕ್ಕೆ ನಾನು ಇವರನ್ನೇ ಕರೆಯುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.